ಡಿ ವರ್ಗಕ್ಕೆ ಹೋದ ಠರಾವು

೧೯೪೧ರ ಜನವರಿ. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಇಂಗ್ಲಿಷ್ ಪತ್ರವ್ಯವಹಾರದ ಕಾರಕೂನನಾಗಿದ್ದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ತಪ್ಪು ಮಾಡಿದವನು ನಾನು. ಕಚೇರಿಯ ಹೆಸರು ಯಾಕೆ ಕೆಡಿಸಬೇಕು? ಮೂವತ್ತೈದು ವರ್ಷ ನೌಕರಿ ಮಾಡಿ ಪೆನ್ಶನ್ ತೆಗೆದುಕೊಂಡು ಕುಳಿತವನಿಗೆ ಈಗ ಮೆಮೋ ಕೊಡುವವರು ಯಾರೂ ಇಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯಲು ಅಡ್ಡಿಯಿಲ್ಲ.

ಆಗ ನಮ್ಮದು ಮುಂಬೈ ಪ್ರಾಂತ. ನಮ್ಮ ಸರ್ಕಾರ ಇದ್ದದ್ದು ಮುಂಬೈಯ ಸೆಕ್ರೆಟರಿಯೇಟಿನಲ್ಲಿ. ರೆವೆನ್ಯೂ, ಶಿಕ್ಷಣ, ಲೋಕೋಪಯೋಗಿ, ಹಣಕಾಸು, ಹೀಗೆ ಖಾತೆಗಳೆಲ್ಲ ಅದೊಂದೇ ಕಟ್ಟಡದಲ್ಲಿ. ನಾವು ಧಾರವಾಡದವರು ಆ ಕಟ್ಟಡವನ್ನು ಕಂಡವರಲ್ಲ; ಅದರ ಲಕೋಟೆಗಳನ್ನಷ್ಟೇ ಕಂಡವರು. ಲಕೋಟೆ ಬಂದ ದಿನ ಕಚೇರಿಯಲ್ಲಿ ಎಲ್ಲರ ಧ್ವನಿಯೂ ಸಣ್ಣದಾಗುತ್ತಿತ್ತು.

ಅಂಥ ದಿನಗಳಲ್ಲಿ ಒಂದು ಮುಂಜಾನೆ ಯಲ್ಲಪ್ಪ ಮಾಸ್ತರರು ಬಂದರು. ಶಿರಗುಪ್ಪಿಯ ಆಚೆಗಿನ ಒಂದು ಸಣ್ಣ ಹಳ್ಳಿಯವರು. ಊರ ಹೊರಗಿನ ಕೇರಿಯ ಮಕ್ಕಳಿಗೆ ಅಲ್ಲಿಯೇ ಒಂದು ಗುಡಿಸಲಿನಲ್ಲಿ ಸಾಲೆ ನಡೆಸುತ್ತಿದ್ದರು. ಅವರೂ ಅದೇ ಕೇರಿಯವರು. ಮೂವತ್ತೊಂದು ಮಕ್ಕಳು, ಒಬ್ಬರೇ ಮಾಸ್ತರರು. ತೊಳೆದು ಮಡಿಸಿದ ಕರೀ ಕೋಟು, ತಲೆಗೆ ಬಿಳೀ ರುಮಾಲು. ಕಚೇರಿಯ ಪಾವಟಿಗೆಯ ಮೇಲೆಯೇ ನಿಂತರು. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ. ಆ ಕಾಲ ಹಾಗಿತ್ತು ಎಂದು ಹೇಳಿ ಜಾರಿಕೊಳ್ಳಬಹುದು. ಆದರೆ ಕಾಲಕ್ಕೆ ಬಾಯಿ ಇರಲಿಲ್ಲ, ನನಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

"ರಾಯರ, ನಮ್ಮ ಸಾಲಿ ತಗಸಾಕತ್ತಾರ್ರಿ," ಅಂದರು. "ಯುದ್ಧದ ಕುದರಿಗೆ ಹುಲ್ಲಿನ ಡಿಪೋ ಮಾಡ್ತಾರಂತ. ಜಾಗಾ ಖಾಲಿ ಅದ ಅಂತ ಊರಾಗ ಯಾರೋ ಬರದು ಕೊಟ್ಟಾರ. ಮೂವತ್ತೊಂದು ಹುಡುಗೂರು ದಿನಾ ಕುಂದರೋ ಜಾಗಾ ಖಾಲಿ ಹೆಂಗಾಗತೈತ್ರಿ?"

ಕೋಟಿನ ಒಳಕಿಸೆಯಿಂದ ಒಂದು ಕಾಗದ ತೆಗೆದು ಕೊಟ್ಟರು. ನಮ್ಮ ಕಚೇರಿಯದೇ ಪತ್ರ, ಐದು ವರ್ಷದ ಹಿಂದಿನದು. "ತಮ್ಮ ಸಾಲೆಗೆ ಗಾಂವಠಾಣದ ಜಾಗ ಕೊಡುವ ಬಗ್ಗೆ ಸರ್ಕಾರದ ಠರಾವು ಆಗಿದೆ. ಪ್ರತಿಯನ್ನು ನಂತರ ಕಳಿಸಲಾಗುವುದು." ಗಾಂವಠಾಣ ಎಂದರೆ ಊರಿನ ವಸತಿಗೆ ಬಿಟ್ಟ ಸರ್ಕಾರಿ ಜಾಗ, ಠರಾವು ಎಂದರೆ ಸರ್ಕಾರದ ಆಜ್ಞೆ. ಪತ್ರದಲ್ಲಿ ಠರಾವಿನ ನಂಬರೂ ಇಲ್ಲ, ಖಾತೆಯ ಹೆಸರೂ ಇಲ್ಲ.

"ಪ್ರತಿ ಬಂತೇನು?" ಎಂದೆ.

"ಐದು ವರ್ಷ ಆತು, ದಾರಿ ನೋಡಾಕತ್ತೇನ್ರಿ. ಠರಾವು ತೋರಿಸದ ಬಾವಿ ತೋಡಂಗಿಲ್ಲ ಅಂತಾರ. ಹುಡುಗೂರು ಹಳ್ಳದ ನೀರು ಕುಡದು ಓದಾಕತ್ತಾವ."

ನಾನು ಪತ್ರವನ್ನು ನಮ್ಮ ಚಿಟ್ನೀಸರ ಮುಂದೆ ಇಟ್ಟೆ. ಚಿಟ್ನೀಸರೆಂದರೆ ಪತ್ರವ್ಯವಹಾರಕ್ಕೆಲ್ಲ ಮುಖ್ಯಸ್ಥರು. ಶ್ರೀನಿವಾಸರಾಯರು ಎಂದು ಹೆಸರು. ಬೆಳಿಗ್ಗೆ ಹನ್ನೊಂದಕ್ಕೆ ಕುರ್ಚಿಯಲ್ಲಿ ಕುಳಿತರೆ ಸಾಯಂಕಾಲ ಐದಕ್ಕೆ ಏಳುವವರೆಗೆ ಬೆನ್ನು ಆನಿಸುತ್ತಿರಲಿಲ್ಲ. ಅವರು ಎರಡು ಸಲ ಓದಿ, ಆ ಜಾಗದ ಬಗ್ಗೆ ನಮ್ಮ ಸಾಹೇಬರು ನಡೆಸಬೇಕಿದ್ದ ವಿಚಾರಣೆಯ ತಾರೀಖು ನೋಡಿದರು.

"ಇಪ್ಪತ್ತೊಂದು ದಿವಸಕ್ಕ ಚೌಕಶಿ ಅದ. ಸಾಹೇಬರು ಠರಾವು ಕೇಳ್ತಾರ. ಇದ್ದರ ಸಾಲಿ ಉಳೀತದ, ಇಲ್ಲಂದರ ಹುಲ್ಲು. ಹುಡುಕು, ವಾಮನಾ."

ಹುಡುಕಿದೆ. ನಮ್ಮ ದಫ್ತರಖಾನೆ ಎಂಬ ಹಳೆಯ ದಾಖಲೆಗಳ ಕೋಣೆಯಲ್ಲಿ ಕಾಗದಗಳನ್ನು ಕೆಂಪು ಬಟ್ಟೆಯ ರುಮಾಲುಗಳಲ್ಲಿ ಕಟ್ಟಿ ಇಡುತ್ತಿದ್ದೆವು. ಇಡುವ ಮೊದಲು ಪ್ರತಿ ಕಾಗದಕ್ಕೂ ವರ್ಗ ಹಾಕಬೇಕು. ಎ ಎಂದರೆ ಕಾಯಂ. ಬಿ ಎಂದರೆ ಬಹುಕಾಲ, ಸಿ ಎಂದರೆ ಕೆಲವು ವರ್ಷ. ಡಿ ಎಂದರೆ ಒಂದು ವರ್ಷ ಇಟ್ಟು ಸುಡುವುದು. ಸುಟ್ಟದ್ದಕ್ಕೆಲ್ಲ ಒಂದು ನಾಶಪಟ್ಟಿ ಇರುತ್ತಿತ್ತು. ಎ ರುಮಾಲು ಬಿಚ್ಚಿದೆ, ಬಿ ಬಿಚ್ಚಿದೆ, ಮೂಗಿನ ತುಂಬ ಧೂಳು ತುಂಬಿಕೊಂಡು ಸೀನುತ್ತ ಸಿ ಬಿಚ್ಚಿದೆ. ಎಲ್ಲಿಯೂ ಇಲ್ಲ. ಹತ್ತನೆಯ ದಿನ ನಾಶಪಟ್ಟಿಗೆ ಕೈ ಹಾಕಿದೆ.

ಅಲ್ಲಿ ಮಾಸ್ತರರ ಹಳ್ಳಿಯ ಹೆಸರಿನ ಎದುರು ಒಂದು ಸಾಲು ಇತ್ತು: "ಬಾವಿಯ ಬಗ್ಗೆ ಮುಂಬೈಯಿಂದ ಬಂದ ಚೀಟಿ ಹಾಗೂ ಜೊತೆಯ ಕಾಗದ. ಮಾಹಿತಿಗಾಗಿ. ಡಿ." ಕೆಳಗೆ ವರ್ಗ ಹಾಕಿದವನ ಸಣ್ಣ ಸಹಿ. ಅದು ನನ್ನದು.

ನೆನಪು ಬಂತು. ನೌಕರಿಗೆ ಸೇರಿದ ಹೊಸದು. ದಿನಕ್ಕೆ ನೂರಾರು ಕಾಗದಕ್ಕೆ ವರ್ಗ ಹಾಕುವ ಕೆಲಸ. ಹಳೆಯ ಕಾರಕೂನರು ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದರು: ಮೇಲಿನ ಹೊದಿಕೆ ಚೀಟಿ ನೋಡು, "ಮಾಹಿತಿಗಾಗಿ" ಎಂದಿದ್ದರೆ ಡಿ, ಒಳಗಿನದು ಓದುತ್ತ ಕೂತರೆ ಗಡ್ಡ ಬೆಳೆಯುತ್ತದೆ. ನಾನು ಚೀಟಿ ನೋಡಿದೆ, ಡಿ ಹಾಕಿದೆ. ಅದರ ಕೆಳಗೆ ಮಾಸ್ತರರ ಠರಾವು ಇತ್ತು. ಅವರಿಗೆ ಹೋಗಬೇಕಾದ ಪ್ರತಿಯೂ ಅದರಲ್ಲೇ ಇತ್ತು. ಎರಡೂ ಒಲೆಗೆ ಹೋದವು.

ಮೂವತ್ತೊಂದು ಮಕ್ಕಳು ಐದು ವರ್ಷ ಹಳ್ಳದ ನೀರು ಕುಡಿದದ್ದು ನನ್ನ ಒಂದು ಅಕ್ಷರದಿಂದ. ಆದರೂ, ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಮಕ್ಕಳಿಗಿಂತ ಮೊದಲು ನನ್ನ ನೌಕರಿ ಕಂಡಿತು. ನಾಶಪಟ್ಟಿಯನ್ನು ಮುಚ್ಚಿ ಮೊದಲಿದ್ದ ಜಾಗದಲ್ಲಿಟ್ಟು ಚಿಟ್ನೀಸರ ಮುಂದೆ ಹೋಗಿ, "ಸಿಗಲಿಲ್ರಿ," ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಆಗ ನಿಜವಾಗಿಯೂ ಕೋಟಿನ ಹೆಗಲ ಮೇಲಿನ ಧೂಳು ಜಾಡಿಸಿಕೊಂಡೆ.

"ಇಲ್ಲಿ ಸಿಗಲಿಲ್ಲ ಅಂದರ ಮುಂಬೈದಾಗ ಮೂಲ ಇರಬೇಕು. ನೀನ ಹೋಗು," ಅಂದರು. "ಪತ್ರ ಬರದು ದಾರಿ ಕಾಯಲಿಕ್ಕೆ ವ್ಯಾಳ್ಯಾ ಇಲ್ಲ."

ಪುಣೆಯಲ್ಲಿ ಗಾಡಿ ಬದಲಿಸಿ ಸೋಮವಾರ ಮುಂಬೈ ತಲುಪಿದೆ. ಮುಂದಿನ ಸೋಮವಾರ ಧಾರವಾಡದಲ್ಲಿ ಚೌಕಶಿ. ಚಳಿಗಾಲವಾಗಿದ್ದದ್ದು ಪುಣ್ಯ; ಮಳೆಗಾಲವಾಗಿದ್ದರೆ ಆಗಿನ ರೂಢಿಯಂತೆ ಸರ್ಕಾರವೇ ಪುಣೆಗೆ ಹೋಗಿರುತ್ತಿತ್ತು.

ಮೈದಾನದ ಎದುರು ಆ ಕಟ್ಟಡ. ನಾನು ರಸ್ತೆಯ ಆಚೆ ನಿಂತು ಬಾಯಿ ತೆರೆದು ನೋಡಿದೆ. ಕಲ್ಲಿನ ಕಮಾನಿನ ಮೇಲೆ ಕಮಾನು, ಉದ್ದೋ ಉದ್ದ ಪಡಸಾಲೆ, ನಡುವೆ ಆಕಾಶಕ್ಕೆ ಏರಿದ ಗೋಪುರ. ನಮ್ಮ ಇಡೀ ಕಚೇರಿ ಅದರ ಒಂದು ಪಡಸಾಲೆಯಲ್ಲಿ ಕುಳಿತು ಇನ್ನೂ ಜಾಗ ಉಳಿಯುತ್ತಿತ್ತು. ಒಳಗೆ ಹೋದರೆ ಅದಕ್ಕಿಂತ ಬೆರಗು. ಕೆಂಪು ಪಟ್ಟೆಯ ಸಿಪಾಯಿಗಳು ಫೈಲು ಹಿಡಿದು ಒಂದು ಖಾತೆಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಇದ್ದರು. ಯಾರೂ ಓಡುವುದಿಲ್ಲ, ಯಾರೂ ನಿಲ್ಲುವುದಿಲ್ಲ. ಎಲ್ಲೋ ಕಾರವಾರದ ಬಂದರು, ಎಲ್ಲೋ ನಾಸಿಕದ ದ್ರಾಕ್ಷಿ, ಎಲ್ಲೋ ನಮ್ಮ ಹತ್ತಿ, ಎಲ್ಲ ಆ ಪಡಸಾಲೆಗಳಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವು. ಯುದ್ಧದ ಕಾಲ, ಪರರ ಆಳಿಕೆಯ ಸರ್ಕಾರ, ಒಪ್ಪಿದೆ. ಆದರೂ ಆ ಕೆಲಸದ ಅಚ್ಚುಕಟ್ಟು ನೋಡಿ ಒಬ್ಬ ಕಾರಕೂನನಾಗಿ ನನಗೆ ಹೊಟ್ಟೆಕಿಚ್ಚಾಯಿತು.

ಚಿಟ್ನೀಸರು ಒಂದು ಚೀಟಿ ಕೊಟ್ಟಿದ್ದರು, ಅಲ್ಲಿಯ ರೆಕಾರ್ಡ್ ಕೀಪರರಿಗೆ. ಬಸವಂತಪ್ಪ ಎಂದು ಹೆಸರು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹುಟ್ಟಿ ಇಪ್ಪತ್ತೆಂಟು ವರ್ಷದಿಂದ ಮುಂಬೈಯಲ್ಲಿ ಕಾಗದ ಕಾಯುತ್ತಿದ್ದವರು. ಹಣೆಗೆ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು. ಚೀಟಿ ಓದಿ ನಕ್ಕರು.

"ಬಾ ತಮ್ಮಾ, ಬಾ. ನಮ್ಮ ಕಡೆ ಮಂದಿ ಬಂದ್ರ ನನಗ ಜ್ವರಾ ಇಳದಂಗ. ಏನ್ ಕಳಕೊಂಡು ಬಂದಿ?"

ಸಾಲೆಗೆ ಜಾಗ ಕೊಟ್ಟ ಠರಾವು ಎಂದೆ. ನಮ್ಮಲ್ಲಿ ಪ್ರತಿ "ಹೇಗೋ ಕಳೆದಿದೆ" ಎಂದೆ. ಆ "ಹೇಗೋ" ಎಂಬ ಮಾತನ್ನು ನಾನು ಬಹಳ ಸಲೀಸಾಗಿ ಆಡಿದೆ.

ಮಂಗಳವಾರವೆಲ್ಲ ರೆವೆನ್ಯೂ ಖಾತೆ ಹುಡುಕಿದೆವು, ಜಾಗ ಕೊಡುವ ಖಾತೆ ಅದೇ ಎಂದು. ಸೂಚಿಯಲ್ಲಿ ಊರಿನ ಹೆಸರು ಇತ್ತು. ಎದುರಿಗೆ "ಫೈಲು ಹೊರಗೆ ಹೋಗಿದೆ" ಎಂದಷ್ಟೇ ಇತ್ತು. ಬುಧವಾರ ಬೆಳಿಗ್ಗೆ ಶಿಕ್ಷಣ ಖಾತೆ, ಸಾಲೆಯ ಮಾತಲ್ಲವೇ ಎಂದು. ಅಲ್ಲಿಯೂ "ಹೊರಗೆ ಹೋಗಿದೆ." ನಾನು ಸೂಚಿಯನ್ನು ಮುಚ್ಚಿಬಿಟ್ಟೆ. ಬಸವಂತಪ್ಪನವರು ಮಾತ್ರ ಏಣಿಯ ಮೇಲೆ ಹತ್ತಿ ಇಳಿದು, ಹತ್ತಿ ಇಳಿದು, ಒಂದು ರುಮಾಲೂ ಸರಿಯಾಗಿ ಕಟ್ಟದೆ ಬಿಡಲಿಲ್ಲ. ವಯಸ್ಸು ಐವತ್ತು ದಾಟಿತ್ತು.

ಮಧ್ಯಾಹ್ನ ಊಟಕ್ಕೆ ಕೂತೆವು. ನಾನು ಊರಿನಿಂದ ತಂದ ಖಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಅವರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದರು.

"ತಮ್ಮಾ," ಅಂದರು, "ಈ ಕಟ್ಟಡದಾಗ ಕಾಗದ ಸಾಯಂಗಿಲ್ಲ, ನಿದ್ದಿ ಮಾಡ್ತಾವ. ಎಲ್ಲಿ ನಿದ್ದಿ ಮಾಡ್ಯಾವ ಅನ್ನೋದ ಗೊತ್ತಾಗಬೇಕು. ಇಲ್ಲಿ ಒಂದು ಪದ್ಧತಿ ಐತಿ. ಒಂದ ಫೈಲು ನಾಕು ಖಾತೆಗೆ ತಿರಗತೈತಿ. ಪತ್ರ ಬರಿಯಂಗಿಲ್ಲ, ಅದರ ಮ್ಯಾಲೆ ಟಿಪ್ಪಣಿ ಬರದು ಮುಂದಕ ದೂಡತಾರ. ಠರಾವು ಯಾರು ಹೊರಡಿಸಿದ್ರೂ ಫೈಲು ಉಳಿಯೋದು ಕಟ್ಟಕಡಿಗೆ ಮಾತಾಡಿದ ಖಾತೇದಾಗ. ಆ ಖಾತೆ ಯಾವದು ಅಂತ ಇಲ್ಲೆ ಗೊತ್ತಾಗವಲ್ದು. ನಿಮ್ಮಲ್ಲಿಗೆ ಬಂದ ಪ್ರತಿ ಮ್ಯಾಲೆ ಹೊದಿಕಿ ಚೀಟಿ ಇತ್ತಲ್ಲ, ಅದರಾಗ ಏನಿತ್ತು? ನೋಡಿದವರು ಯಾರರ ಅದಾರೇನು?"

ನೋಡಿದವನು ಅವರ ಎದುರಿಗೇ ರೊಟ್ಟಿ ತಿನ್ನುತ್ತಿದ್ದ. ಎರಡು ದಿನ ಆ ಮನುಷ್ಯನನ್ನು ಏಣಿ ಹತ್ತಿಸಿ ಇಳಿಸಿದ್ದೆ, ನನ್ನ ಮಾನ ಉಳಿಸಿಕೊಳ್ಳಲಿಕ್ಕೆ. ಇನ್ನೂ ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಸಾಲೆ ಹೋಗುತ್ತದೆ.

"ನಾನ ನೋಡೇನ್ರಿ," ಎಂದೆ. "ನಾನ ಡಿ ಹಾಕಿ ಸುಡಿಸೇನಿ. ಚೀಟಿ ಮ್ಯಾಲೆ ಬಾವಿ ಅಂತ ಇತ್ತು, ಮಾಹಿತಿಗಾಗಿ ಅಂತ ಇತ್ತು. ಒಳಗಿಂದು ಓದಲಿಲ್ರಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ರೊಟ್ಟಿ ಕೆಳಗಿಟ್ಟು ಎದ್ದೇ ಬಿಟ್ಟರು.

"ಬಾವಿ! ಅಯ್ ಖೋಡಿ, ಇದನ್ನ ಸೋಮವಾರ ಹೇಳಾಕ ನಿನ್ನ ಬಾಯಾಗ ಏನಿತ್ತೋ? ಬಾವಿ ಅಂದ್ರ ಲೋಕೋಪಯೋಗಿ. ಏಳು, ಕೈ ಆಮ್ಯಾಲೆ ತೊಳಕೋ!"

ಲೋಕೋಪಯೋಗಿ ಖಾತೆಯ ದಫ್ತರದಲ್ಲಿ, ಬಾವಿ–ಕೆರೆಗಳ ಕಪಾಟಿನಲ್ಲಿ, ಮರುದಿನ ಗುರುವಾರ ಹತ್ತೂವರೆಗೆ ಅದು ಸಿಕ್ಕಿತು. ತೆಳುವಾದ ಫೈಲು, ಮೇಲೆ ಮಾಸ್ತರರ ಹಳ್ಳಿಯ ಹೆಸರು. ಬಸವಂತಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಧೂಳಿಗೆ ಎಂದು ಅವರು ತಿಳಿದುಕೊಂಡರೋ ಇಲ್ಲವೋ ಗೊತ್ತಿಲ್ಲ.

ಓದಿದೆ. ಮೊದಲ ಪುಟದಲ್ಲಿ ಯಲ್ಲಪ್ಪ ಮಾಸ್ತರರ ಕನ್ನಡ ಅರ್ಜಿ, ಅದರ ಕೆಳಗೆ ಇಂಗ್ಲಿಷ್ ತರ್ಜುಮೆ. ರೆವೆನ್ಯೂದವರು ಜಾಗ ಕೊಡಬಹುದು ಎಂದಿದ್ದರು. ಶಿಕ್ಷಣದವರು ಮಕ್ಕಳ ಸಂಖ್ಯೆ ಕೇಳಿ, ಉತ್ತರ ತರಿಸಿ, ಒಪ್ಪಿದ್ದರು. ಕೊನೆಗೆ ಒಬ್ಬ ಇಂಜಿನಿಯರರು, ಹೆಸರು ಓದಲಾಗದ ಸಹಿ, ಹೀಗೆ ಬರೆದಿದ್ದರು: ಸಾಲೆಗೆ ಜಾಗ ಕೊಟ್ಟು ನೀರು ಕೊಡದಿದ್ದರೆ ಮಕ್ಕಳು ಬರುವುದಿಲ್ಲ, ಊರ ಬಾವಿಗೆ ಇವರನ್ನು ಬಿಡುವುದಿಲ್ಲವೆಂದು ಅರ್ಜಿಯಲ್ಲಿದೆ, ಆದ್ದರಿಂದ ಠರಾವಿನಲ್ಲಿ ಬಾವಿಯನ್ನೂ ಸೇರಿಸಬೇಕು. ಅದರಂತೆ ಸೇರಿಸಿದ್ದರು. ಆ ಹಳ್ಳಿಯನ್ನು ಎಂದೂ ಕಾಣದ ಆ ಮನುಷ್ಯ ಅರ್ಜಿಯ ಕೊನೆಯ ಸಾಲಿನವರೆಗೆ ಓದಿದ್ದ. ಹತ್ತು ಹರದಾರಿ ದೂರದಲ್ಲಿದ್ದ ನಾನು ಮೊದಲ ಸಾಲು ದಾಟಿರಲಿಲ್ಲ. ಆತನ ಕಾಲಿಗೆ ಬೀಳಬೇಕೆನಿಸಿತು.

ದೃಢೀಕೃತ ಪ್ರತಿ ಪಡೆಯುವುದು ಇನ್ನೊಂದು ಸಾಹಸ. ಶುಕ್ರವಾರ ಟೈಪಾಯಿತು. ಇಬ್ಬರು ಕಾರಕೂನರು ಎದುರುಬದುರು ಕುಳಿತು, ಒಬ್ಬರು ಮೂಲ ಓದಿ ಒಬ್ಬರು ಪ್ರತಿ ನೋಡಿ, ಅಲ್ಪವಿರಾಮ ಕೂಡ ಬಿಡದೆ ತಾಳೆ ಹಾಕಿದರು. ಶನಿವಾರ ಅರ್ಧ ದಿನದ ಕಚೇರಿ. ಸಹಿ ಮಾಡಬೇಕಾದ ಅಧಿಕಾರಿ ಹನ್ನೆರಡಕ್ಕೆ ಹೊರಡುವವರು. ಬಸವಂತಪ್ಪನವರು ಅವರ ಬಾಗಿಲಲ್ಲೇ ನಿಂತರು. ಅಧಿಕಾರಿ ಟೋಪಿ ಕೈಯಲ್ಲಿ ಹಿಡಿದು ಹೊರಬಂದಾಗ ಇವರು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಮಾತು: ಈ ಸಹಿ ಸೋಮವಾರ ಆದರೆ ಸಾಲೆ ಇರುವುದಿಲ್ಲ, ಸಾಹೇಬರೇ. ಅಧಿಕಾರಿ ಟೋಪಿ ಇಟ್ಟು, ಒಳಗೆ ಹೋಗಿ, ಕುಳಿತು ಸಹಿ ಮಾಡಿದರು. ಮೊಹರಿನ ಸಿಕ್ಕೆಯನ್ನು ಸಹ ತಾವೇ ಒತ್ತಿದರು.

"ಹೋಗು, ಗಾಡಿ ತಪ್ಪಿಸಿಕೊಂಡೀ," ಅಂದರು ಬಸವಂತಪ್ಪನವರು. ನಾನು ಅವರ ಪಾದ ಮುಟ್ಟಿದೆ. "ನನಗ್ಯಾಕೋ? ಪದ್ಧತಿಗೆ ಮುಟ್ಟು," ಎಂದು ನಕ್ಕರು.

ಸೋಮವಾರ ಮುಂಜಾನೆ ಕಚೇರಿ ತೆರೆಯುವ ಮೊದಲೇ ನಾನು ಚಿಟ್ನೀಸರ ಮನೆಗೆ ಹೋದೆ. ಪ್ರತಿ ಕೊಟ್ಟೆ. ಆಮೇಲೆ ನಿಂತೇ ಇದ್ದೆ.

"ಮತ್ತೇನು?" ಎಂದರು.

"ಸುಟ್ಟದ್ದು ನಾನ್ರಿ. ನಾಶಪಟ್ಟಿಯೊಳಗ ನನ್ನ ಸಹಿ ಅದ."

"ಗೊತ್ತದ," ಅಂದರು. "ನೀ ನೋಡೋ ಮೊದಲ ನಾ ನೋಡೇನಿ. ನಿನ್ನ ಸಹಿ ಒಂದ ಕಂಡಿತೇನು? ಕೆಳಗ ಮಂಜೂರು ಅಂತ ಬರದು ಸಹಿ ಮಾಡಿದಾಂವ ಯಾರು? ನಾನ. ನಾನೂ ಚೀಟಿ ಅಷ್ಟ ನೋಡಿದ್ದೆ. ಇವತ್ತು ಇಬ್ಬರದೂ ಸಾಹೇಬರ ಮುಂದ ಹೇಳತೇನಿ. ನಡಿ."

ಹೇಳಿದರು. ತುಂಬಿದ ಚೌಕಶಿಯಲ್ಲಿ, ಮಾಸ್ತರರ ಎದುರಿಗೆ, ತಮ್ಮ ಹೆಸರನ್ನು ಮೊದಲು ಹೇಳಿ ನನ್ನ ಹೆಸರನ್ನು ಆಮೇಲೆ ಹೇಳಿದರು. ಅಂಥ ಧೈರ್ಯವನ್ನು ನಾನು ಮುಂದೆ ಯಾವ ದೊಡ್ಡ ಅಧಿಕಾರಿಯಲ್ಲೂ ಕಾಣಲಿಲ್ಲ. ಸಾಹೇಬರು ಠರಾವು ಓದಿ, ನಮ್ಮಿಬ್ಬರಿಗೂ ಲಿಖಿತ ತಾಕೀತು ಕೊಟ್ಟು, ಹುಲ್ಲಿನ ಡಿಪೋಕ್ಕೆ ಬೇರೆ ಜಾಗ ನೋಡಬೇಕೆಂದು ಬರೆಸಿದರು. ಬಾವಿಯ ಕೆಲಸ ಕೂಡಲೇ ಹಿಡಿಯಬೇಕೆಂದೂ ಬರೆಸಿದರು. ಮಾಸ್ತರರು ಕೈ ಮುಗಿದು ಹೊರಟರು. ನನ್ನ ಕಡೆ ನೋಡಲಿಲ್ಲ. ನೋಡಬೇಕೆಂದು ಕೇಳುವ ಮುಖ ನನಗೂ ಇರಲಿಲ್ಲ.

ಎರಡು ವಾರದ ಮೇಲೆ ಅವರಿಂದ ಒಂದು ಅರ್ಜಿ ಬಂತು: ಠರಾವಿನ ಕನ್ನಡ ತರ್ಜುಮೆ ಬೇಕು. ನಾನೇ ಮಾಡಿದೆ, ಒಂದೊಂದು ಶಬ್ದ ತೂಗಿ. ಟಪಾಲಿಗೆ ಹಾಕಲು ಮನಸ್ಸಾಗಲಿಲ್ಲ. ರವಿವಾರ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಚಕ್ಕಡಿಯಲ್ಲಿ ಹಳ್ಳಿಗೆ ಹೋದೆ. ಗುಡಿಸಲಿನ ಪಕ್ಕದಲ್ಲಿ ಬಾವಿ ಆಳುದ್ದ ಇಳಿದಿತ್ತು. ಹಸಿ ಮಣ್ಣಿನ ಗುಡ್ಡೆ ಬಿದ್ದಿತ್ತು. ತರ್ಜುಮೆಯನ್ನು ಮಾಸ್ತರರ ಕೈಗೆ ಕೊಟ್ಟು ಹೇಳಬೇಕಾದದ್ದನ್ನು ಹೇಳಿದೆ.

"ಮಾಸ್ತರ್ರ, ಐದು ವರ್ಷ ನಿಮ್ಮ ಹುಡುಗೂರು ಹಳ್ಳದ ನೀರು ಕುಡದದ್ದು ನನ್ನಿಂದ. ತಪ್ಪಾತ್ರಿ."

"ಹೋಗ್ಲಿ ಬಿಡ್ರಿ ಅಂತ ನಾ ಹೆಂಗ ಅನ್ಲಿ, ರಾಯರ?" ಅಂದರು ಮಾಸ್ತರರು. "ಮೂರು ಹುಡುಗೂರು ಭೇದಿ ಹತ್ತಿ ಸಾಲಿ ಬಿಟ್ಟಾವ. ಅದನ್ನ ನೀವೂ ಮರೀಬ್ಯಾಡ್ರಿ, ನಾನೂ ಮರಿಯಂಗಿಲ್ಲ. ಬಂದೀರಲ್ಲ, ಕುಂದರ್ರಿ."

ಕುಳಿತೆ. ಅವರು ಸಾಲೆಯ ಕಡೆ ತಿರುಗಿ ತರ್ಜುಮೆಯನ್ನು ಗಟ್ಟಿಯಾಗಿ ಓದತೊಡಗಿದರು. ರವಿವಾರವಾದರೂ ಮಕ್ಕಳು ಬಂದಿದ್ದರು. ಎಲ್ಲರ ಮುಂದೆಯೂ ಒಂದೊಂದು ಹಾಳೆ. ಮಾಸ್ತರರು ಒಂದು ವಾಕ್ಯ ಓದುವರು, ಮಕ್ಕಳು ಬರೆಯುವರು. "ಸರ್ಕಾರವು ಸದರೀ ಜಾಗವನ್ನು ಸಾಲೆಗೂ ಬಾವಿಗೂ ಕಾಯಂ ಆಗಿ ಕೊಟ್ಟಿದೆ." ಸಣ್ಣವರ ಹಾಳೆ ಮೇಲೆ ಸಾಲು ಬೆಟ್ಟ ಹತ್ತಿ ಇಳಿಯುತ್ತಿತ್ತು. ಬರೆದು ಮುಗಿದ ಮೇಲೆ ಅಕ್ಷರ ತಿದ್ದಿ, ಪ್ರತಿ ಹಾಳೆಯನ್ನೂ ಮಡಿಸಿ, ಮನೆಗೆ ಒಯ್ದು ಅವ್ವನ ಗಂಟಿನೊಳಗೆ ಇಡಬೇಕೆಂದು ಹೇಳಿದರು.

"ಇದೇನ್ರಿ ಮಾಸ್ತರ್ರ?" ಎಂದೆ.

"ನಿಮ್ಮ ಕಚೇರಿಯಾಗ ಒಂದ ದಫ್ತರ ಐತ್ರಿ," ಅಂದರು. "ಇನ್ ಮ್ಯಾಲೆ ಈ ಕೇರ್ಯಾಗ ಮನಿಗೊಂದು. ಎಷ್ಟಂತ ಸುಡ್ತೀರಿ?"

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಕಲಿಸುವವರಂತೆ ಹೇಳಿದರು.

ಮುಂದೆ ನಾನೂ ಚಿಟ್ನೀಸನಾದೆ. ನನ್ನ ಕೈಕೆಳಗೆ ಬಂದ ಹೊಸ ಕಾರಕೂನರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದೆ. ನೌಕರಿ ನನಗೆ ಕಲಿಸಿದ್ದು ಅಷ್ಟೇ. ಕಾಗದ ಯಾರದೋ ಅವರ ಕೈಗೆ ಮೊದಲು ಮುಟ್ಟಿಸಿ ಬಾ, ವರ್ಗ ಆಮೇಲೆ ಹಾಕುವಿಯಂತೆ.